ಡೌನ್ ಸಿಂಡ್ರೋಮ್ ಇರುವ ಮಗು ಶಿಶುವಿಹಾರಕ್ಕೆ ಬಂದಾಗ

ಶಿಶುವಿಹಾರದಲ್ಲಿ ಬೆಳಗ್ಗೆ ಮಕ್ಕಳೆಲ್ಲ ದುಂಡಗೆ ಕುಳಿತು ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳುವ ಹೊತ್ತು. ಡೌನ್ ಸಿಂಡ್ರೋಮ್ ಇರುವ ನಾಲ್ಕು ವರ್ಷದ ಹುಡುಗಿಯ ಸರದಿ ಬರುತ್ತದೆ. ಅವಳು ಶಿಕ್ಷಕಿಯ ಮುಖ ನೋಡುತ್ತಾಳೆ, ತುಟಿ ಕೂಡಿಸುತ್ತಾಳೆ, ಉಸಿರೆಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಪಕ್ಕದ ಹುಡುಗ "ಅವಳಿಗೆ ಮಾತು ಬರಲ್ಲ ಮಿಸ್, ನಾನೇ ಹೇಳ್ತೀನಿ" ಎಂದು ಅವಳ ಹೆಸರನ್ನು ತಾನೇ ಹೇಳಿಬಿಡುತ್ತಾನೆ. ಶಿಕ್ಷಕಿ "ಜಾಣ" ಎಂದು ಅವನ ಬೆನ್ನು ತಟ್ಟುತ್ತಾರೆ. ಸರದಿ ಮುಂದಕ್ಕೆ ಹೋಗುತ್ತದೆ. ಹುಡುಗನದು ಅಕ್ಕರೆ, ಶಿಕ್ಷಕಿಯದು ಮೆಚ್ಚುಗೆ, ಇಬ್ಬರಲ್ಲೂ ಕೇಡಿಲ್ಲ. ಆದರೂ ಆ ಹುಡುಗಿ ಕೂತಲ್ಲೇ ತನ್ನ ಸರದಿಯನ್ನು ಕಳೆದುಕೊಂಡಳು. ಇದೇ ದಿನಕ್ಕೆ ಹತ್ತು ಸಲ ನಡೆದರೆ, ಹೇಳಲು ಬಾಯಿ ತೆರೆಯುವುದನ್ನೇ ಅವಳು ನಿಲ್ಲಿಸಿಬಿಡುತ್ತಾಳೆ.

ಆ ಶಿಕ್ಷಕಿ ನಾನೇ, ಇದು ನನ್ನ ಕೈಯಿಂದಲೇ ಆದ ತಪ್ಪು. ಇಂಥ ಮಕ್ಕಳನ್ನು ಒಪ್ಪಿಕೊಳ್ಳುವ ವಿಚಾರ ಬಂದಾಗಲೆಲ್ಲ ನಾವು ಪ್ರೀತಿ, ಕರುಣೆ, ದೊಡ್ಡ ಮನಸ್ಸುಗಳ ಮಾತಾಡುತ್ತೇವೆ. ತರಗತಿಯ ನಿತ್ಯದ ಕೆಲಸಕ್ಕೆ ಇಳಿದಾಗ ಅದೆಲ್ಲ ಎರಡೇ ಸಂಗತಿಗಳಿಗೆ ಬಂದು ನಿಲ್ಲುತ್ತದೆ: ಮಗುವಿಗೂ ಒಂದು ಸರದಿ ಇರಬೇಕು, ಮತ್ತು ಆ ಸರದಿ ಮುಗಿಯುವವರೆಗೆ ಉಳಿದವರು ಕಾಯಬೇಕು. ಎರಡರಿಂದ ಆರು ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೂ ಮನೆಯವರಿಗೂ ಉಪಯೋಗವಾಗಲೆಂದು ನಾನು ಮಾಡಿ ಕಂಡದ್ದನ್ನು, ಕೆಡಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿಯು ಸಮನ್ವಯ ಶಿಕ್ಷಣವನ್ನು, ಅಂದರೆ ಇಂಥ ಮಕ್ಕಳೂ ಉಳಿದವರ ಜೊತೆಗೇ ಕಲಿಯುವುದನ್ನು, ಹಕ್ಕೆಂದೇ ಹೇಳುತ್ತದೆ. ಹಾಗಾಗಿ ಮಗುವನ್ನು ಸೇರಿಸಿಕೊಳ್ಳುವವರು ತಾವು ಉಪಕಾರ ಮಾಡುತ್ತಿದ್ದೇವೆಂದು ತಿಳಿಯಬೇಕಾಗಿಲ್ಲ.

ಮೊದಲು ತಿಳಿದಿರಬೇಕಾದದ್ದು

ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೊತೆ, ಅಂದರೆ 46 ವರ್ಣತಂತುಗಳಿರುತ್ತವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರು ಇರುತ್ತದೆ. ಸುಮಾರು 95 ಶೇಕಡಾ ಜನರಲ್ಲಿ ಎಲ್ಲ ಜೀವಕೋಶಗಳಲ್ಲೂ ಇಡೀ ಒಂದು ವರ್ಣತಂತು ಹೆಚ್ಚಾಗಿರುತ್ತದೆ. ಉಳಿದವರಲ್ಲಿ ಅದರ ತುಣುಕು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ, ಇಲ್ಲವೇ ಕೆಲವು ಜೀವಕೋಶಗಳಲ್ಲಿ ಮಾತ್ರ ಈ ವ್ಯತ್ಯಾಸವಿರುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ್ದರಿಂದ ಅವರ ಹೆಸರೇ ಉಳಿಯಿತು. ಅದಕ್ಕೆ ಕಾರಣ ಈ ಹೆಚ್ಚುವರಿ ವರ್ಣತಂತು ಎಂಬುದು 1959ರಲ್ಲಿ ಫ್ರಾನ್ಸಿನ ಸಂಶೋಧಕರಿಂದ ಪ್ರಕಟವಾಯಿತು. ತಾಯಿ ಏನನ್ನೋ ತಿಂದದ್ದರಿಂದಲೋ ತಂದೆ ಏನನ್ನೋ ಮಾಡಿದ್ದರಿಂದಲೋ ಇದು ಬರುವುದಿಲ್ಲ. ಇದು ರೋಗವಲ್ಲವಾದ್ದರಿಂದ ಅಂಟುವುದೂ ಇಲ್ಲ, ವಾಸಿಯಾಗುವ ಪ್ರಶ್ನೆಯೂ ಇಲ್ಲ.

ಶಿಕ್ಷಕರಿಗೆ ಇದಕ್ಕಿಂತ ಮುಖ್ಯವಾದದ್ದು ಈ ಮಕ್ಕಳ ಮೈ ಮತ್ತು ಮನಸ್ಸು ಕೆಲಸ ಮಾಡುವ ಬಗೆ. ಸ್ನಾಯುಗಳಲ್ಲಿ ಬಿಗಿ ಕಡಿಮೆ, ಕೀಲುಗಳು ಸಡಿಲ. ಆದ್ದರಿಂದ ಕೂರುವುದು, ನಿಲ್ಲುವುದು, ನಡೆಯುವುದು ತಡವಾಗುತ್ತದೆ. ಸರಾಸರಿ ಎರಡು ವರ್ಷದ ಆಸುಪಾಸಿನಲ್ಲಿ ನಡೆಯಲು ಕಲಿಯುತ್ತಾರೆ, ಕೆಲವರಿಗೆ ಮೂರೋ ನಾಲ್ಕೋ ಆಗಬಹುದು. ಹೇಳಿದ್ದು ಅರ್ಥವಾಗುವಷ್ಟು ಮಟ್ಟಿಗೆ ಮಾತು ಹೊರಬರುವುದಿಲ್ಲ, ಮತ್ತು ಈ ಅಂತರವೇ ಹೆಚ್ಚಿನ ತಪ್ಪು ತಿಳಿವಳಿಕೆಗೆ ಮೂಲ. ಕಿವಿಯಲ್ಲಿ ಕೇಳಿದ್ದನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು ಇವರಿಗೆ ಕಷ್ಟ. ಕಣ್ಣಿನಿಂದ ಕಂಡದ್ದು ಬೇಗ ನಾಟುತ್ತದೆ. ಇಷ್ಟು ಸಾಮಾನ್ಯ ಚಿತ್ರ. ಇದರಾಚೆಗೆ ಪ್ರತಿಯೊಂದು ಮಗುವೂ ತನ್ನ ಅಪ್ಪ ಅಮ್ಮನ ಮಗುವೇ, ಅವರ ಮುಖ, ಅವರ ಮುಂಗೋಪ, ಅವರ ನಗೆಯನ್ನೇ ಪಡೆದು ಬಂದಿರುತ್ತದೆ. "ಈ ಮಕ್ಕಳು ಯಾವಾಗಲೂ ಸಂತೋಷವಾಗಿರುತ್ತಾರೆ" ಎಂದು ಹೇಳುವವರು ಅವರ ಜೊತೆ ಒಂದು ಇಡೀ ಮಧ್ಯಾಹ್ನ ಕಳೆದಿಲ್ಲವೆಂದೇ ನಾನು ತಿಳಿಯುತ್ತೇನೆ.

ಇನ್ನು ಮಾತಿನ ವಿಷಯ. "ಡೌನ್ಸ್ ಮಗು" ಎನ್ನುವ ಬದಲು "ಡೌನ್ ಸಿಂಡ್ರೋಮ್ ಇರುವ ಮಗು" ಎನ್ನಿ. ಅದಕ್ಕಿಂತ ಒಳ್ಳೆಯದು ಮಗುವಿನ ಹೆಸರು ಹಿಡಿದು ಕರೆಯುವುದು. "ನರಳುತ್ತಿರುವ", "ಪೀಡಿತ" ಎಂಬ ಪದಗಳು ಬೇಡ. ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು "ಪಾಪ" ಎಂಬ ಎರಡಕ್ಷರಕ್ಕೆ. ಕನ್ನಡದಲ್ಲಿ ಪಾಪ ಎಂದರೆ ಎಳೆಯ ಕೂಸು, ಪಾಪ ಎಂದರೆ ಅಯ್ಯೋ ಎನ್ನುವ ಕನಿಕರ. ಈ ಮಕ್ಕಳಿಗೆ ಆ ಪದ ಎರಡೂ ಅರ್ಥದಲ್ಲಿ ಅಂಟಿಕೊಳ್ಳುತ್ತದೆ: ಐದು ವರ್ಷವಾದರೂ ಕೂಸಿನಂತೆ ಎತ್ತಿಕೊಳ್ಳುತ್ತಾರೆ, ಎತ್ತಿಕೊಂಡು ಕನಿಕರಪಡುತ್ತಾರೆ.

ಸೇರುವ ಮುಂಚೆ ಮನೆಯವರೊಂದಿಗೆ

ಮಗು ಬರುವ ಒಂದೆರಡು ವಾರ ಮೊದಲೇ ತಂದೆತಾಯಿಯೊಂದಿಗೆ ಒಂದು ಗಂಟೆ ಕುಳಿತುಕೊಳ್ಳಿ. ಅದಕ್ಕೆ ಏನೇನು ಬರುವುದಿಲ್ಲ ಎಂಬ ಪಟ್ಟಿಯನ್ನು ಅವರು ಆಗಲೇ ಹತ್ತಾರು ಕಡೆ ಒಪ್ಪಿಸಿ ದಣಿದಿರುತ್ತಾರೆ. ನೀವು ಬೇರೆಯದನ್ನು ಕೇಳಿ. ನೀರು ಬೇಕಾದಾಗ ಏನು ಮಾಡುತ್ತದೆ? ಸುಸ್ತಾದರೆ ಹೇಗೆ ಗೊತ್ತಾಗುತ್ತದೆ? ಯಾವ ಸದ್ದಿಗೆ ಹೆದರುತ್ತದೆ? ಯಾವ ಪದಗಳನ್ನು ತನ್ನದೇ ರೀತಿಯಲ್ಲಿ ಹೇಳುತ್ತದೆ? ಮನೆಯಲ್ಲಿ ಯಾವ ಕೆಲಸ ತಾನೇ ಮಾಡಿಕೊಳ್ಳುತ್ತದೆ? ಮನೆಯಲ್ಲಿ ತಾನೇ ಲೋಟ ಹಿಡಿದು ಕುಡಿಯುವ ಮಗು ಶಿಶುವಿಹಾರದಲ್ಲಿ ಬೇರೆಯವರ ಕೈಯಿಂದ ಕುಡಿಯಲು ಆರಂಭಿಸಿದರೆ ಅದು ನಾವೇ ಕಲಿಸಿದ ಹಿಂಜರಿತ.

ಆರೋಗ್ಯದ ವಿಷಯವನ್ನು ಬರೆದಿಟ್ಟುಕೊಳ್ಳಿ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ, ಹಲವರಿಗೆ ಎಳೆಯ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆ ಆಗಿರುತ್ತದೆ; ಓಡಾಟದಲ್ಲಿ ಏನಾದರೂ ಮಿತಿಯಿದೆಯೇ ಎಂದು ವೈದ್ಯರ ಮಾತನ್ನೇ ಕೇಳಿ ತಿಳಿಯಿರಿ, ನೀವಾಗಿಯೇ ಊಹಿಸಿ ಮಗುವನ್ನು ಮೂಲೆಯಲ್ಲಿ ಕೂರಿಸಬೇಡಿ. ಥೈರಾಯ್ಡ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಸಾಮಾನ್ಯವಾದ್ದರಿಂದ, ಬೆಳಗ್ಗೆ ಹತ್ತಕ್ಕೇ ತೂಕಡಿಸುವ ಅಥವಾ ಕಾರಣವಿಲ್ಲದೆ ಕಿರಿಕಿರಿ ಮಾಡುವ ಮಗುವಿನ ಬಗ್ಗೆ ಮನೆಯವರಿಗೆ ಹೇಳಿ. ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಕಟ್ಟು ಕೆಲವರಲ್ಲಿ ಸಡಿಲವಾಗಿರುತ್ತದೆ. ಲಾಗ ಹಾಕಿಸುವುದು ಬೇಡ, ಆರು ವರ್ಷದೊಳಗೆ ಟ್ರಾಂಪೊಲಿನ್ ಮೇಲೆ ಕುಣಿಸುವುದೂ ಬೇಡ. ಮಗು ಕತ್ತು ವಾಲಿಸಿಕೊಂಡೇ ಇದ್ದರೆ, ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ಕೈಕಾಲು ಸೋತರೆ, ಅಥವಾ ಮೂತ್ರದ ಹಿಡಿತ ಬಂದಿದ್ದದ್ದು ತಪ್ಪಿಹೋದರೆ ಅಂದೇ ವೈದ್ಯರಿಗೆ ತೋರಿಸಬೇಕು.

ಕಿವಿಯ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ, ಏಕೆಂದರೆ ನಾನು ಎಡವಿದ್ದು ಅಲ್ಲೇ. ಒಬ್ಬ ಹುಡುಗ ನಾನು ಕರೆದಾಗ ಕೆಲವು ದಿನ ತಿರುಗಿ ನೋಡುತ್ತಿದ್ದ, ಕೆಲವು ದಿನ ನೋಡುತ್ತಲೇ ಇರಲಿಲ್ಲ. ಮನಸ್ಸು ಬಂದರೆ ಕೇಳುತ್ತಾನೆ, ಇಲ್ಲದಿದ್ದರೆ ಇಲ್ಲ ಎಂದು ನಾನು ತೀರ್ಮಾನಿಸಿ, ಅವನ ದಿನಚರಿಯ ಪುಸ್ತಕದಲ್ಲಿ "ಹಟ" ಎಂದು ಬರೆದೂಬಿಟ್ಟೆ. ಎರಡು ತಿಂಗಳಾದ ಮೇಲೆ ಕಿವಿಯ ವೈದ್ಯರು ಪರೀಕ್ಷಿಸಿದಾಗ ಕಿವಿಪೊರೆಯ ಹಿಂದೆ ಅಂಟು ದ್ರವ ತುಂಬಿರುವುದು ಕಂಡುಬಂತು. ನೆಗಡಿಯಾದಾಗ ಅದು ಹೆಚ್ಚುತ್ತಿತ್ತು, ಇಳಿದಾಗ ಕೇಳುತ್ತಿತ್ತು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕಿವಿಯ ನಾಳಗಳು ಕಿರಿದಾಗಿರುವುದರಿಂದ ಹೀಗಾಗುವುದು ಅಪರೂಪವೇ ಅಲ್ಲ. ಅವನನ್ನು ಮುಂದಿನ ಸಾಲಿಗೆ ಕರೆತಂದು, ಮುಖ ನೋಡಿ ಮಾತಾಡಲು ತೊಡಗಿದ ಮೇಲೆ ನಾನು "ಹಟ" ಎಂದುಕೊಂಡದ್ದರಲ್ಲಿ ಮುಕ್ಕಾಲು ಪಾಲು ಕಾಣೆಯಾಯಿತು. ಕಣ್ಣಿಗೂ ಇದೇ ಮಾತು ಸಲ್ಲುತ್ತದೆ: ಕನ್ನಡಕ ಬರೆದುಕೊಟ್ಟಿದ್ದರೆ ಅದು ಚೀಲದಲ್ಲಿ ಇರದೆ ಮೂಗಿನ ಮೇಲೆ ಇರುವಂತೆ ನೋಡಿಕೊಳ್ಳಿ. ಮೂಗಿನ ದಂಡೆ ತಗ್ಗಾಗಿರುವುದರಿಂದ ಜಾರುತ್ತದೆ, ಹಿಂದೆ ಪಟ್ಟಿ ಹಾಕಿಸಲು ಹೇಳಿ.

ಕಾಯುವುದನ್ನು ಕಲಿಯುವುದು

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸಿ. ಹೇಳಲು ಸುಲಭ, ಮಾಡಿ ನೋಡಿದವರಿಗೆ ಆ ಹತ್ತು ಎಣಿಕೆ ಎಷ್ಟು ಉದ್ದವೆಂದು ಗೊತ್ತು. ನಾವು ಸಾಮಾನ್ಯವಾಗಿ ಎರಡು ಎಣಿಸುವುದರೊಳಗೆ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳುತ್ತೇವೆ, ಆಗ ಮಗು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮೊದಲಿನಿಂದ ಅರ್ಥಮಾಡಿಕೊಳ್ಳಲು ಹೊರಡಬೇಕಾಗುತ್ತದೆ. ಮತ್ತೆ ಕೇಳಲೇಬೇಕಾದರೆ ಅದೇ ಮಾತುಗಳಲ್ಲಿ ಕೇಳಿ. ವಾಕ್ಯ ಚಿಕ್ಕದಿರಲಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹೇಳುವಾಗ ವಸ್ತುವನ್ನೋ ಚಿತ್ರವನ್ನೋ ಕೈಯಲ್ಲಿ ಹಿಡಿದು ತೋರಿಸಿ. "ಚೀಲ ಇಟ್ಟು ಕೈ ತೊಳೆದುಕೊಂಡು ಬಂದು ಕೂತುಕೋ" ಎನ್ನುವುದು ಒಂದೇ ವಾಕ್ಯವಾದರೂ ಮಗುವಿಗೆ ಅದು ನಾಲ್ಕು ಕೆಲಸ.

ಕೈಸನ್ನೆಗಳನ್ನು ಕಲಿಸಿದರೆ ಮಾತು ಬರುವುದಿಲ್ಲವೆಂದು ಹಲವು ಮನೆಗಳಲ್ಲಿ ಹೆದರುತ್ತಾರೆ. ಸನ್ನೆ ಮಾತಿಗೆ ಅಡ್ಡಿಯಾಗುವುದಿಲ್ಲ. ಬಾಯಿ ಸಿದ್ಧವಾಗುವವರೆಗೆ ಕೈ ಆ ಕೆಲಸ ಮಾಡುತ್ತದೆ, ಪದ ಬಂದ ಮೇಲೆ ಸನ್ನೆ ತಾನಾಗಿ ಉದುರಿಹೋಗುತ್ತದೆ. ಬೇಕು, ಸಾಕು, ಇನ್ನೂ, ನೀರು, ಸಹಾಯ, ನನ್ನ ಸರದಿ ಎಂಬ ಆರೇಳು ಸನ್ನೆಗಳಿಂದ ಆರಂಭಿಸಿ, ಅವನ್ನು ತರಗತಿಯ ಎಲ್ಲ ಮಕ್ಕಳಿಗೂ ಕಲಿಸಿ. ಒಬ್ಬಳೇ ಬಳಸುವ ಭಾಷೆ ಭಾಷೆಯಾಗುವುದಿಲ್ಲ. ಅಚ್ಚಾದ ಪದಗಳನ್ನು ಚಿತ್ರದೊಂದಿಗೆ ತೋರಿಸುವುದೂ ಬೇಗ ಶುರುವಾಗಲಿ. ಎಷ್ಟೋ ಮಕ್ಕಳು ಓದಿನ ದಾರಿಯಲ್ಲೇ ಮಾತಿಗೆ ಬರುತ್ತಾರೆ, ಏಕೆಂದರೆ ಕೇಳಿದ ಪದ ಮಾಯವಾಗುತ್ತದೆ, ಬರೆದ ಪದ ಕಣ್ಣೆದುರೇ ಕಾದಿರುತ್ತದೆ.

ಮೊದಲು ಹೇಳಿದ ಹೆಸರಿನ ಸುತ್ತಿಗೆ ಮರಳುತ್ತೇನೆ. ನಾವು ಮಾಡಿದ್ದು ಇಷ್ಟು. ಎಲ್ಲ ಮಕ್ಕಳ ಫೋಟೊ ಮತ್ತು ಹೆಸರು ಇರುವ ಕಾರ್ಡುಗಳನ್ನು ನಡುವೆ ಹರಡಿದೆವು. ಸರದಿ ಬಂದವರು ತಮ್ಮ ಕಾರ್ಡನ್ನು ಹುಡುಕಿ ಎತ್ತಿ ತೋರಿಸಿ, ಎದೆ ಮುಟ್ಟಿಕೊಂಡು, ಹೆಸರು ಹೇಳಬೇಕು. ಕಾರ್ಡ್ ಎತ್ತುವುದು ಅವಳಿಗೆ ಮೊದಲ ದಿನವೇ ಬಂತು. ಪಕ್ಕದ ಹುಡುಗನಿಗೆ "ಅವಳು ಹೇಳೋವರೆಗೂ ನಾವಿಬ್ಬರೂ ಬೆರಳಲ್ಲಿ ಎಣಿಸೋಣ, ಬಾಯಲ್ಲಿ ಬೇಡ" ಎಂದು ಕೆಲಸ ಕೊಟ್ಟೆ, ಅವನಿಗೆ ಅದು ಆಟವಾಯಿತು. ಕೆಲವು ದಿನ ಸದ್ದೇ ಬರಲಿಲ್ಲ, ಹತ್ತು ಬೆರಳು ಮುಗಿದವು, ನಾವು ಅವಳ ಹೆಸರು ಹೇಳಿ ಮುಂದೆ ಹೋದೆವು. ಮೂರನೆಯ ವಾರ ಅವನ ಏಳನೆಯ ಬೆರಳಿಗೆ ಅವಳ ಹೆಸರಿನ ಕೊನೆಯ ಅಕ್ಷರವೊಂದು ಹೊರಗೆ ಬಂತು. ಸುತ್ತ ಕುಳಿತವರು ಚಪ್ಪಾಳೆ ತಟ್ಟಲು ಹೊರಟದ್ದನ್ನು ನಾನು ಕಣ್ಣಿನಲ್ಲೇ ತಡೆದೆ. ಉಳಿದವರು ಹೆಸರು ಹೇಳಿದಾಗ ನಾವು ಚಪ್ಪಾಳೆ ತಟ್ಟಿರಲಿಲ್ಲ.

ಕುರ್ಚಿ, ಬಣ್ಣದ ಕಡ್ಡಿ, ಚಪ್ಪಲಿ

ಸ್ನಾಯು ಸಡಿಲವಿರುವ ಮಗು ನೆಲದ ಮೇಲೆ ಆನಿಕೆಯಿಲ್ಲದೆ ಕುಳಿತರೆ ಅದರ ಶಕ್ತಿಯೆಲ್ಲ ಕೂರುವುದಕ್ಕೇ ಖರ್ಚಾಗುತ್ತದೆ, ಕೇಳಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ. ಕುರ್ಚಿಯಾದರೆ ಪಾದಗಳೆರಡೂ ನೆಲಕ್ಕೆ ಪೂರ್ತಿ ತಾಗುವಂತಿರಲಿ. ತಾಗದಿದ್ದರೆ ಕಾಲಡಿಗೆ ಒಂದು ಮಣೆ ಇಡಿ. ಬೆರಳುಗಳು ಗಿಡ್ಡವಾಗಿರುವುದರಿಂದ ದಪ್ಪನೆಯ, ಮೋಟಾದ ಬಣ್ಣದ ಕಡ್ಡಿ ಕೊಡಿ. ಇದಕ್ಕೆಲ್ಲ ಹಣಕ್ಕಿಂತ ಗಮನವೇ ಹೆಚ್ಚು ಬೇಕು.

ಸ್ವಂತ ಕೆಲಸಗಳನ್ನು ಕೊನೆಯಿಂದ ಹಿಂದಕ್ಕೆ ಕಲಿಸುವುದು ಒಳ್ಳೆಯ ಕ್ರಮ. ಪಟ್ಟಿ ಅಂಟುವ ಚಪ್ಪಲಿಯನ್ನು ಹಾಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಮೊದಲ ವಾರ ನೀವೇ ಕಾಲು ತೂರಿಸಿ, ಹಿಮ್ಮಡಿ ಕೂರಿಸಿ, ಪಟ್ಟಿಯನ್ನು ಎಳೆದು ಮುಕ್ಕಾಲು ಅಂಟಿಸಿ. ಕೊನೆಯ ಒತ್ತು ಮಾತ್ರ ಮಗುವಿನದು. "ಹಾಕಿಕೊಂಡೆ" ಎಂದು ಹೇಳುವ ಹಕ್ಕು ಅಂದಿನಿಂದಲೇ ಅದರದು. ಮುಂದಿನ ವಾರ ಎಳೆಯುವುದನ್ನೂ ಬಿಡಿ, ಅದರ ಮುಂದಿನದರಲ್ಲಿ ಹಿಮ್ಮಡಿಯನ್ನು. ಹೀಗೆ ನೀವು ಹಿಂದೆ ಸರಿಯುತ್ತ ಹೋದಂತೆ ಮಗು ಪ್ರತಿದಿನವೂ ಕೆಲಸ ಮುಗಿಸಿದ ಖುಷಿಯಲ್ಲೇ ಏಳುತ್ತದೆ. ಶೌಚದ ಅಭ್ಯಾಸಕ್ಕೆ ಉಳಿದವರಿಗಿಂತ ಒಂದೆರಡು ವರ್ಷ ಹೆಚ್ಚು ಬೇಕಾಗಬಹುದು. ಡಯಾಪರ್ ಹಾಕುತ್ತದೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವುದು ನ್ಯಾಯವಲ್ಲ.

ಜೊತೆಯ ಮಕ್ಕಳು

ಮಕ್ಕಳ ಪ್ರಶ್ನೆಗಳಿಗೆ "ಶ್, ಹಾಗೆಲ್ಲ ಕೇಳಬಾರದು" ಎನ್ನಬೇಡಿ. ಕೇಳಬಾರದ ವಿಷಯವೆಂದರೆ ನಾಚಿಕೆಯ ವಿಷಯವೆಂದು ಅವರು ಅರ್ಥಮಾಡಿಕೊಳ್ಳುತ್ತಾರೆ. ನಾಲಿಗೆ ಯಾಕೆ ಹೊರಗಿರುತ್ತದೆ ಎಂದರೆ, ಅವಳ ಬಾಯಿ ಸ್ವಲ್ಪ ಚಿಕ್ಕದು, ನಾಲಿಗೆಯ ಸ್ನಾಯು ಮೆತ್ತಗೆ ಎನ್ನಿ. ನಮಗೂ ಅಂಟುತ್ತದಾ ಎಂದರೆ, ಇಲ್ಲ, ಇದು ಹುಟ್ಟುವಾಗಲೇ ಬಂದದ್ದು, ಕಣ್ಣಿನ ಬಣ್ಣದ ಹಾಗೆ. ದೊಡ್ಡವಳಾದ ಮೇಲೆ ಹೋಗುತ್ತದಾ ಎಂದರೆ, ಹೋಗುವುದಿಲ್ಲ, ಆದರೆ ಅವಳು ಕಲಿಯುತ್ತಲೇ ಇರುತ್ತಾಳೆ. ಇಷ್ಟೇ ಸಾಕು, ಅವರು ಆಗಲೇ ಬೇರೇನನ್ನೋ ಕೇಳುತ್ತಿರುತ್ತಾರೆ. ಆದರೆ ಈ ಉತ್ತರಗಳನ್ನು ಮಗುವಿನ ತಲೆಯ ಮೇಲಿಂದ, ಅವಳು ಅಲ್ಲಿಲ್ಲವೇನೋ ಎಂಬಂತೆ ಹೇಳಬೇಡಿ, ಅವಳಿಗೂ ಅರ್ಥವಾಗುತ್ತಿದೆ.

ಅಪ್ಪ ಅಮ್ಮನ ಆಟವನ್ನು ಒಂದು ವಾರ ದೂರದಿಂದ ಗಮನಿಸಿ ನೋಡಿ. ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಪ್ರತಿದಿನವೂ ಸಿಗುವ ಪಾತ್ರ ಒಂದೇ: ಪಾಪು. ಅವಳನ್ನು ಮಲಗಿಸುತ್ತಾರೆ, ಹೊದಿಸುತ್ತಾರೆ, ಬೆನ್ನು ತಟ್ಟುತ್ತಾರೆ, ತಾವು ಆಟ ಮುಂದುವರಿಸುತ್ತಾರೆ. ನಾನು ಅಲ್ಲಿಗೆ ಹೋಗಿ ಉಪದೇಶ ಮಾಡಲಿಲ್ಲ. ಮನೆಯ ಬೀಗದ ಕೈಯನ್ನು ಅವಳ ಕೈಗೆ ಕೊಟ್ಟು, "ಈವತ್ತು ಬಾಗಿಲು ತೆಗೆಯುವವರು ಇವರು" ಎಂದು ಹೇಳಿ ಬಂದೆ. ಬೀಗದ ಕೈ ಇದ್ದವರನ್ನು ಮಲಗಿಸಲು ಯಾರಿಗೂ ಸಾಧ್ಯವಾಗಲಿಲ್ಲ. ತರಗತಿಯ ಕೆಲಸಗಳಲ್ಲೂ ಇದೇ ದಾರಿ ಹಿಡಿಯಿರಿ: ಯಾವಾಗಲೂ ನೆರವು ಪಡೆಯುವವಳಾಗಿಯೇ ಇರದೆ, ಪುಸ್ತಕ ಹಂಚುವ, ಗಂಟೆ ಬಾರಿಸುವ, ಚಿಕ್ಕವರ ಕೈ ಹಿಡಿದು ಕರೆತರುವ ಸರದಿಯೂ ಅವಳಿಗೆ ಬರಲಿ. ಸಹಾಯ ಮಾಡುವ ಮಕ್ಕಳಿಗೆ "ಮೊದಲು ಕೇಳು, ಆಮೇಲೆ ಮಾಡು" ಎಂಬುದನ್ನು ಕಲಿಸಿ. ಕಂಡಕಂಡವರನ್ನೆಲ್ಲ ತಬ್ಬಿಕೊಳ್ಳುವುದನ್ನು ಮುದ್ದೆಂದು ಬಿಡಬೇಡಿ. ಇವತ್ತಿನ ಮುದ್ದು ನಾಳೆ ಅವಳ ಸುರಕ್ಷತೆಗೇ ಕುತ್ತು. ಮನೆಯವರಿಗೆ ಅಪ್ಪುಗೆ, ಗೆಳೆಯರಿಗೆ ಕೈಚಪ್ಪಾಳೆ, ಹೊಸಬರಿಗೆ ಕೈಬೀಸುವುದು ಎಂದು ಎಲ್ಲ ಮಕ್ಕಳಿಗೂ ಒಂದೇ ಕ್ರಮ ಇರಲಿ.

ನಡುದಾರಿಯಲ್ಲಿ ಕುಳಿತುಬಿಟ್ಟಾಗ

ಮೈದಾನದಿಂದ ಒಳಗೆ ಬರುವಾಗ ಮಗು ದಪ್ಪನೆ ನೆಲಕ್ಕೆ ಕುಳಿತು, ಮೈ ಸಡಿಲ ಬಿಟ್ಟು, ಎಬ್ಬಿಸಿದರೂ ಏಳದಿರುವುದು ಈ ಮಕ್ಕಳ ಶಿಕ್ಷಕರೆಲ್ಲ ಕಂಡ ನೋಟ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಸಡಿಲ ಕೀಲುಗಳಿಗೆ ಅದು ಒಳ್ಳೆಯದಲ್ಲ, ನಿಮ್ಮ ಸೊಂಟಕ್ಕೂ ಅಲ್ಲ. ಮಾತು ಬಾರದ ಮಗುವಿಗೆ "ಇನ್ನೂ ಆಡಬೇಕು", "ಕಾಲು ನೋಯುತ್ತಿದೆ", "ಮುಂದೆ ಏನು ಅಂತ ನನಗೆ ಯಾರೂ ಹೇಳಲಿಲ್ಲ" ಎಂದು ಹೇಳಲು ಇರುವ ದಾರಿ ಅದೊಂದೇ. ಮೂರನೆಯದೇ ಹೆಚ್ಚಿನ ಸಲ ನಿಜವಾದ ಕಾರಣ. ದಿನದ ಕೆಲಸಗಳ ಚಿತ್ರಗಳನ್ನು ಗೋಡೆಯ ಮೇಲೆ ಸಾಲಾಗಿ ಅಂಟಿಸಿ, ಮುಗಿದದ್ದನ್ನು ಮಗುವಿನ ಕೈಯಿಂದಲೇ ತೆಗೆಸಿ; ಬದಲಾವಣೆಗೆ ಸ್ವಲ್ಪ ಮುಂಚೆ ಅದೇ ಹಾಡನ್ನೋ ಗಂಟೆಯನ್ನೋ ಕೇಳಿಸಿ; ಎದ್ದೇಳಲು ಹೇಳುವ ಬದಲು ಚೆಂಡು ನೀನು ತರುತ್ತೀಯಾ ಬುಟ್ಟಿ ತರುತ್ತೀಯಾ ಎಂದು ಎರಡರಲ್ಲೊಂದನ್ನು ಆರಿಸಲು ಬಿಡಿ. ಎದ್ದಾಗ ಗಮನ ಕೊಡಿ, ಕುಳಿತಾಗ ಸುತ್ತ ನೆರೆಯಬೇಡಿ.

ನಿಯಮಗಳು ಮಾತ್ರ ಎಲ್ಲರಿಗೂ ಒಂದೇ. ಹೊಡೆದರೆ, ಕಿತ್ತುಕೊಂಡರೆ "ಅವಳಿಗೆ ಗೊತ್ತಾಗಲ್ಲ ಬಿಡಿ" ಎನ್ನುವುದು ಮೇಲ್ನೋಟಕ್ಕೆ ಔದಾರ್ಯ, ಒಳಗೆ ಅವಳನ್ನು ಲೆಕ್ಕದಿಂದ ಹೊರಗಿಡುವ ಕ್ರಮ. ಚಿಕ್ಕ ಮಾತಿನಲ್ಲಿ, ಚಿತ್ರ ತೋರಿಸಿ, ಅದೇ ಕ್ಷಣದಲ್ಲಿ ಹೇಳಿ. ಗೇಟಿನ ಚಿಲಕ ಮೇಲಿರಲಿ, ಹೊರಗೆ ಹೋದಾಗಲೆಲ್ಲ ತಲೆ ಎಣಿಸಿ. ಹೇಳದೆ ಓಡಿಹೋಗುವ ಅಭ್ಯಾಸ ಹಲವರಲ್ಲಿರುತ್ತದೆ.

ದೊಡ್ಡವರ ಒಪ್ಪಿಗೆ

ಕೆಲವು ಪೋಷಕರು ತಮ್ಮ ಮಗುವಿನ ಕಲಿಕೆ ಇದರಿಂದ ಹಿಂದೆ ಬೀಳುತ್ತದೆಂದು ದೂರು ತರುತ್ತಾರೆ. ಅವರೊಂದಿಗೆ ವಾದಕ್ಕಿಳಿಯದೆ ಒಂದು ದಿನ ತರಗತಿಯಲ್ಲಿ ಕೂರಲು ಕರೆಯಿರಿ. ಚಿತ್ರದ ವೇಳಾಪಟ್ಟಿ, ಚಿಕ್ಕ ವಾಕ್ಯ, ಸರದಿಯ ಶಿಸ್ತು ಇವೆಲ್ಲ ಮೂರು ವರ್ಷದ ಯಾವ ಮಗುವಿಗಾದರೂ ಹಿತವೇ.

ಮಗುವಿನ ಸ್ವಂತ ಮನೆಯಲ್ಲೂ ಒಪ್ಪಿಗೆ ಒಂದೇ ದಿನದಲ್ಲಿ ಬರುವುದಿಲ್ಲ. ಹೆತ್ತವರ ದುಃಖಕ್ಕೆ ಗಡುವು ಹಾಕಲು ನಾವು ಯಾರು? ನೆಂಟರು ಮಾಡಬಹುದಾದ ದೊಡ್ಡ ಸಹಾಯವೆಂದರೆ, ಮಗು ಹುಟ್ಟಿದಾಗ ಬೇರೆ ಯಾವ ಮನೆಗೆ ಹೋದರೂ ಹೇಳುವ ಮಾತನ್ನೇ ಇಲ್ಲಿಯೂ ಹೇಳಿ, ಮಗುವನ್ನು ಎತ್ತಿಕೊಂಡು, ಯಾರ ಹೋಲಿಕೆ ಎಂದು ಕೇಳುವುದು. ಮುಂದಿನ ಬದುಕಿನ ಬಗ್ಗೆ ಹೆದರುವವರಿಗೆ ಒಂದು ಸಂಗತಿ ತಿಳಿದಿರಲಿ: ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 25 ವರ್ಷವಿತ್ತು, ಈಗ 60ರ ಆಸುಪಾಸಿನಲ್ಲಿದೆ. ಹೃದಯದ ಶಸ್ತ್ರಚಿಕಿತ್ಸೆ ಮತ್ತು ಮನೆಯಲ್ಲೇ ಬೆಳೆಯುವ ಅವಕಾಶ ಈ ಏರಿಕೆಯ ಮುಖ್ಯ ಕಾರಣಗಳು. ಮೂರು 21ನೆಯ ವರ್ಣತಂತುಗಳ ನೆನಪಿಗೆ ಮೂರನೆಯ ತಿಂಗಳ 21ರಂದು, ಅಂದರೆ ಮಾರ್ಚ್ 21ರಂದು, ವಿಶ್ವ ಡೌನ್ ಸಿಂಡ್ರೋಮ್ ದಿನವಿದೆ. ವಿಶ್ವಸಂಸ್ಥೆ ಅದನ್ನು 2012ರಿಂದ ಆಚರಿಸುತ್ತಿದೆ. ಅಂದು ಎಲ್ಲರೂ ಜೋಡಿಯಿಲ್ಲದ ಬಣ್ಣಬಣ್ಣದ ಕಾಲುಚೀಲ ಹಾಕಿಕೊಂಡು ಬರುವುದು ಚೆಂದವೇ, ಆದರೆ ಮಾರನೆಯ ದಿನ ಚಪ್ಪಲಿಯ ಪಟ್ಟಿ ಒತ್ತಲು ಅವಳಿಗೆ ಅವಕಾಶ ಸಿಕ್ಕಿತೇ ಎಂದು ನಾನು ನೋಡುತ್ತೇನೆ.

ಮುಂದಿನ ತರಗತಿಗೆ ಕಳಿಸುವಾಗ

ವರ್ಷದ ಕೊನೆಗೆ ಮಗುವನ್ನು ಹೊಸ ಕೋಣೆಗೆ ನಾಲ್ಕಾರು ಸಲ ಮೊದಲೇ ಕರೆದುಕೊಂಡು ಹೋಗಿ, ಅಲ್ಲಿ ಅವಳ ಫೋಟೊ ತೆಗೆದು ಮನೆಗೆ ಕೊಡಿ, ರಜೆಯಲ್ಲಿ ನೋಡುತ್ತಿರಲಿ. ಹೊಸ ಶಿಕ್ಷಕರಿಗೆ ದಪ್ಪ ಕಡತ ಬೇಡ, ಅದನ್ನು ಯಾರೂ ಓದುವುದಿಲ್ಲ. ಒಂದೇ ಪುಟ ಸಾಕು. ಅವಳು ಬಳಸುವ ಸನ್ನೆಗಳು, ಅವಳ ಪದಗಳು ಮತ್ತು ಅವುಗಳ ಅರ್ಥ, ತಾನೇ ಮಾಡಿಕೊಳ್ಳುವ ಕೆಲಸಗಳು, ಕತ್ತು ಮತ್ತು ಕಿವಿಯ ಎಚ್ಚರಿಕೆ. ನಾನು ಬರೆದುಕೊಟ್ಟ ಪುಟದ ಮೊದಲ ಸಾಲು ಹೀಗಿತ್ತು: "ಹೆಸರು ಕೇಳಿದರೆ ತಾನೇ ಹೇಳುತ್ತಾಳೆ, ಏಳರವರೆಗೆ ಎಣಿಸಿ." ಆ ಪುಟವನ್ನು ಅವಳ ಕೈಯಿಂದಲೇ ಕೊಡಿಸಿದೆವು.